ಬೆಕ್ಕಿಗೆ ಬೆಲ್ಲ ಹಾಕಿದವರು

“ಬೆಕ್ಕಿಗೆ ವಿಷ ಹಾಕೋ ಹೆಂಗಸು ನೀನು! ನಿನ್ನ ಮನೆಗೆ ನನ್ನ ಹೆಂಡ್ತೀನ ಬಾಣಂತನಕ್ಕೆ ಕಳಿಸ್ಬೇಕಾ?”

ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ರೇಷ್ಮೆ ನೂಲಿನ ಹಾಸು ಎಳೆದು ಕಟ್ಟಿದ್ದರು. ಎಳೆ ಸರಿಪಡಿಸುತ್ತಿದ್ದ ನಾಲ್ಕೈದು ಮನೆಯವರ ಕೈಗಳು ಅಲ್ಲಲ್ಲೇ ನಿಂತವು. ನೇಕಾರ ಆದಿನಾರಾಯಣ ಗಾಜಿನ ಕೊಳವೆಯೊಂದನ್ನು ಅತ್ತೆ ಪದ್ಮಾವತಮ್ಮನ ಮುಖಕ್ಕೆ ಹಿಡಿದಿದ್ದ. ಅದರೊಳಗಿನ ನೀರು ಇಟ್ಟಿಗೆಯಂತೆ ಕೆಂಪಗಿತ್ತು. ಮಗಳನ್ನು ಮೊದಲ ಹೆರಿಗೆಗೆಂದು ತೌರಿಗೆ ಕರೆದೊಯ್ಯಲು ಅವಳು ಕಲ್ಯಾಣದುರ್ಗದಿಂದ ಬಂದು ವಾರವಾಗಿರಲಿಲ್ಲ.

“ನಾನೇನು ಹಾಕ್ದೆ ಅಳಿಯಂದ್ರೇ?”

“ಬೆಲ್ಲ! ಚೀಲದಾಗೆ ಕಡಲೆಕಾಯಿ ಬೆಲ್ಲ ಗಂಟು ಕಟ್ಕೊಂಡು ಬಂದಿದ್ದೀಯಲ್ಲ, ನಾನು ನೋಡಿಲ್ವಾ?”

“ಅದು ಬಸುರಿ ಮಗಳಿಗೆ ಕಣಪ್ಪಾ. ಎಲ್ಲಾದ್ರೂ ಬೆಕ್ಕು ಬೆಲ್ಲ ತಿಂತದಾ?”

“ಹಾಲಿಗೆ ಕಲಸಿಟ್ರೆ ನೆಕ್ಕತೈತೆ. ಇವತ್ತು ಬೆಕ್ಕಿಗೆ ಹಾಕ್ದೋಳು ನಾಳೆ ನನ್ನ ಮಗೂಗೂ ಏನಾರಾ ಹಾಕ್ತೀಯ.”

“ಪೋನೀಲೇರಾ ಆದಿ, ಬಿಟ್ಬುಡು, ದೊಡ್ಡೋರು,” ಎಂದ ಪಕ್ಕದ ಮನೆಯ ಸಂಜೀವಪ್ಪ.

“ದೊಡ್ಡೋರೇ ಕದ್ದುಮುಚ್ಚಿ ದೊಂಗತನ ಮಾಡಿದ್ರೆ?”

ಬೂದಿ ಎಂಬ ಆ ಬೆಕ್ಕು ಮಗ್ಗದ ಗುಂಡಿಯಲ್ಲಿ ಅವನ ಕಾಲ ಬಳಿಯೇ ಬೆಳೆದದ್ದು. ತಿಂದಷ್ಟೂ ಸೊರಗುತ್ತ, ಹೊತ್ತು ಹೊತ್ತಿಗೂ ನೀರು ಕುಡಿಯತೊಡಗಿದಾಗ ಹಿಂದೂಪುರದ ದನದ ಆಸ್ಪತ್ರೆಯ ಡಾಕ್ಟರು ಸಕ್ಕರೆ ಕಾಯಿಲೆ ಎಂದಿದ್ದರು. ಬೀದಿ ನಕ್ಕಿತು. ನಕ್ಕವರನ್ನೆಲ್ಲ ಬೈದು ಅವನು ಸಿರಿಂಜು ಕುದಿಸುವುದನ್ನೂ, ಬೆಕ್ಕಿನ ಹೆಗಲ ಚರ್ಮ ಎತ್ತಿ ಇನ್ಸುಲಿನ್ ಚುಚ್ಚುವುದನ್ನೂ ಕಲಿತ. ಔಷಧಿಯ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿ ನೀರಿನ ಮಡಕೆಗೆ ಒರಗಿಸಿಟ್ಟ. ಬೆಕ್ಕಿನ ಮೂತ್ರವನ್ನು ಡಾಕ್ಟರು ಕೊಟ್ಟ ನೀಲಿ ದ್ರಾವಣದಲ್ಲಿ ಕಾಯಿಸಿ ನೋಡಬೇಕಿತ್ತು. ಹಸಿರಾದರೆ ಸಕ್ಕರೆ ಸ್ವಲ್ಪ, ಕೆಂಪಾದರೆ ಬಹಳ. ಮರಳಿಗೆ ಬಿಟ್ಟರೆ ಎಲ್ಲವೂ ಇಂಗಿ ಹೋಗುತ್ತದೆಂದು ಅವನು ಅತ್ತೆ ಬಂದ ವಾರವೇ ಮಂಡಿಯಿಂದ ಹುಣಸೆ ಬೀಜ ತಂದು ತಟ್ಟೆಗೆ ಸುರಿದ. ಬೆಕ್ಕು ಅದರ ಮೇಲೆ ಕೂತೆದ್ದ ಮೇಲೆ ತಟ್ಟೆಯನ್ನು ಓರೆ ಮಾಡಿದರೆ ಸಾಕು. ದಿನವೂ ಹೊಸ ಬೀಜ. ದಿನವೂ ಕೆಂಪು.

ಬೀದಿಯ ಜಗಳದ ನಂತರ ಅವನು ಬೆಕ್ಕನ್ನು ಮಗ್ಗದ ಕೋಣೆಗೆ ಕೂಡಿ ಬೀಗ ಜಡಿದ. ಆಗಲೂ ಕೆಂಪು. ಕಿಟಕಿಗೆ ಗೋಣಿ ಹೊಡೆದ. ಮತ್ತೂ ಕೆಂಪು.

“ಬೂದಿ ನೀರು ಕುಡಿಯೋದು ಕಮ್ಮಿ ಮಾಡೈತೆ, ಒಸಿ ಮೈ ಬೇರೆ ತುಂಬೈತೆ, ನೋಡಿ,” ಎಂದಳು ಹೆಂಡತಿ ಚೌಡೇಶ್ವರಿ.

“ಓ, ನೀನೂ ನಿಮ್ಮಮ್ಮನ ಕೂಡ ಸೇರ್ಕೊಂಡ್ಯಾ? ಬೀಗದ ಕೈ ನೀನೇ ಕೊಟ್ಟೆ ತಾನೆ?” ಎಂದು ಅವಳ ಮೇಲೂ ಎಗರಿದ. ಡಾಕ್ಟರನ್ನು ಕೇಳದೆ ಇನ್ಸುಲಿನ್ ಏರಿಸಿದ.

ಮಾರನೆಯ ದಿನ ಬೂದಿ ಮಗ್ಗದ ಕೆಳಗೆ ಅಡ್ಡಬಿದ್ದು ಕಾಲು ಒದರುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮದ್ದು ಹೆಚ್ಚಾಗಿ ಸಕ್ಕರೆ ತೀರಾ ಇಳಿದರೆ ಹೀಗಾಗುತ್ತದೆ, ಒಸಡಿಗೆ ಸಿಹಿ ಸವರಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು.

“ಬೆಲ್ಲ! ಯಾರಾದ್ರೂ ಬೆಲ್ಲ ತನ್ರೋ!”

ಪದ್ಮಾವತಮ್ಮ ಬೆಲ್ಲದ ನೀರಿನ ಲೋಟ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. “ಹಾಕ್ಲಾ, ಬೇಡ್ವಾ? ನಿಮ್ಮ ಬಾಯಾಗೇ ಹೇಳ್ಬುಡಿ ಅಳಿಯಂದ್ರೇ. ಆಮ್ಯಾಕೆ ನಾನೇ ಸಾಯ್ಸಿದೆ ಅಂದೀರಾ.”

“ಹಾಕಮ್ಮಾ! ಕೈ ಮುಗೀತೀನಿ, ಹಾಕು!”

ಅವಳು ಬೆರಳದ್ದಿ ಅದ್ದಿ ಸವರಿದಳು. ಬಹಳ ಹೊತ್ತಾದ ಮೇಲೆ ಬೆಕ್ಕು ತಲೆಯೆತ್ತಿ, ಸವರಿದ ಬೆರಳನ್ನೇ ಕಚ್ಚಿತು. “ಬದುಕ್ತು ಬಿಡು,” ಎಂದು ಅವಳು ರಕ್ತ ಒರೆಸಿಕೊಂಡಳು.

ಆದಿನಾರಾಯಣನ ತಲೆಗೆ ಹುಳ ಹೊಕ್ಕಿತು. ಆ ಬೆಳಿಗ್ಗೆಯೂ ನೀರು ಕೆಂಪಾಗಿತ್ತು. ಮೈತುಂಬ ಸಕ್ಕರೆಯಿರುವ ಬೆಕ್ಕು ಸಕ್ಕರೆಯಿಲ್ಲದೆ ಬೀಳುವುದು ಹೇಗೆ? ಬಾಗಿಲು ಹಾಕಿಕೊಂಡು ಕೂತ. ತಟ್ಟೆಯಲ್ಲಿ ಬೆಕ್ಕು ಇನ್ನೂ ತುಳಿಯದ ಹೊಸ ಬೀಜಗಳಿದ್ದವು. ಅವುಗಳಿಗೆ ಹುಣಸೆಹಣ್ಣಿನ ತಿರುಳು ಅಲ್ಲಲ್ಲಿ ಅಂಟಿಕೊಂಡಿತ್ತು. ಒಂದು ಹಿಡಿ ಬೀಜವನ್ನು ಬರೀ ನೀರಿನಲ್ಲಿ ಕಲಕಿ, ಆ ನೀರನ್ನು ನೀಲಿ ದ್ರಾವಣಕ್ಕೆ ಬಿಟ್ಟು ಕಾಯಿಸಿದ. ಹಸಿರಾಯಿತು, ಹಳದಿಯಾಯಿತು, ಕಣ್ಣೆದುರಿಗೇ ಇಟ್ಟಿಗೆಯ ಕೆಂಪಾಯಿತು. ಅಷ್ಟು ಹುಳಿಯೊಳಗೂ ಸಕ್ಕರೆ ಇರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ಸುಲಿನ್ ಮೊದಲಿನಷ್ಟಕ್ಕೇ ಇಳಿಸಿ, ಬೀಜಗಳನ್ನು ಉಜ್ಜಿ ತೊಳೆದು ಒಣಗಿಸಿ ಹಾಕಿದ. ಈ ಸಲ ಬಣ್ಣ ತಿಳಿಹಸಿರಿಗೆ ನಿಂತಿತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಕೊಳವೆಯನ್ನು ಮೋರಿಗೆ ಬಗ್ಗಿಸಿ ತೊಳೆದಿಟ್ಟ.

ಎರಡು ದಿನ ಬಿಟ್ಟು ಜಟಕಾ ಕರೆಸಿ, ಹೆಂಡತಿಯ ಟ್ರಂಕನ್ನು ತಾನೇ ಎತ್ತಿಟ್ಟ. “ಹುಷಾರು,” ಎಂದು ಅವಳಿಗಷ್ಟೇ ಹೇಳಿದ. ಬೀದಿಯವರು ಕೆಲಸ ಬಿಟ್ಟು ಸೇರಿದ್ದರು. ಸಂಜೀವಪ್ಪ ಅವನ ಬೆನ್ನು ತಟ್ಟಿದ.

“ಅಂಥ ಕೆಲ್ಸ ಮಾಡ್ದ ಅತ್ತೆ ತಪ್ಪನ್ನ ಹೊಟ್ಟೇಗೆ ಹಾಕ್ಕೊಂಡು ಹೆಂಡ್ತೀನ ಕಳಿಸ್ತಾವ್ನೆ. ದೊಡ್ಡ ಮನ್ಸು ಕಣಪ್ಪ ನಮ್ಮ ಆದೀದು!”

ಪದ್ಮಾವತಮ್ಮ ಜಟಕಾದ ಮೆಟ್ಟಿಲಿಗೆ ಇಟ್ಟಿದ್ದ ಕಾಲನ್ನು ಮತ್ತೆ ನೆಲಕ್ಕಿಳಿಸಿದಳು.

“ನನ್ನ ಯಾವ ತಪ್ಪನ್ನ ಹೊಟ್ಟೇಗೆ ಹಾಕ್ಕೊಂಡ್ರಿ ಅಳಿಯಂದ್ರೇ? ನೀವೇ ಹೇಳಿ, ಇವ್ರೂ ಕೇಳ್ಲಿ.”

ಜಟಕಾದವನು ಕೂಡ ಲಗಾಮು ಬಿಗಿಹಿಡಿದು ಅವನತ್ತ ತಿರುಗಿದ. ಆದಿನಾರಾಯಣ ಬೆನ್ನು ತಿರುಗಿಸಿ ನಡೆದ. ಜನ ಗೌರವದಿಂದ ಎರಡೂ ಕಡೆ ಸರಿದು ಅವನಿಗೆ ದಾರಿ ಬಿಟ್ಟರು.