ಎಡ ಅಂಗೈ

"ಅವ್ವಾರ, ಇದನ್ನ ಲಗೂ ತಗೀರಿ, ಎದಿಮ್ಯಾಲೆ ಪಟ್ಟಿ ಹಚ್ಚಬೇಕು!" ಆಂಬುಲೆನ್ಸಿನ ನರ್ಸ್ ಸೋನಾಲಿ ಕೂಗಿದಳು. ಅಥಣಿಯ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕುಸಿದು ಬಿದ್ದಿದ್ದ ಅಡಿವೆಪ್ಪನ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಪಕ್ಕದಲ್ಲಿ, ಎದೆಬಡಿತ ನೋಡಿ ಶಾಕ್ ಕೊಡುವ ಯಂತ್ರ ಬೀಪ್ ಎನ್ನುತ್ತಲೇ ಇತ್ತು.

"ಜೀವ ಇರೂತನಕ ಮೈಯಿಂದ ತಗ್ಯಾಂಗಿಲ್ಲ ತಂಗಿ," ಹೆಂಡತಿ ಚನ್ನವ್ವ ಕರಡಿಗೆಯನ್ನು ಕೈಯಿಂದ ಮುಚ್ಚಿದಳು.

"ಜೀವ ಇರಬೇಕಂದ್ರನ ತಗೀರಿ!"

ಕರಡಿಗೆಯ ದಾರದ ಗಂಟು ಕೈಗೆ ಬಿಚ್ಚಿಕೊಳ್ಳಲಿಲ್ಲ. ಚನ್ನವ್ವ ಅದನ್ನು ಹಲ್ಲಿನಿಂದ ಕಚ್ಚಿ ಹರಿದಳು. ದಿನಾ ಪೂಜೆಗೆ ಅವನು ಲಿಂಗವನ್ನು ಹಿಡಿಯುತ್ತಿದ್ದ ಎಡ ಅಂಗೈಯಲ್ಲೇ ಕರಡಿಗೆಯನ್ನಿಟ್ಟು, ಬೆರಳು ಮಡಚಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಿಂದ ಬಿಗಿಹಿಡಿದಳು. ಸೋನಾಲಿ ಯಂತ್ರದ ಪಟ್ಟಿಗಳನ್ನು ಎದೆಗೆ ಅಂಟಿಸಿದಳು. ಯಂತ್ರ ಹಿಂದಿಯಲ್ಲಿ ಏನೋ ಹೇಳಿತು.

"ಯಾರೂ ಮುಟ್ಟಬಾರದಂತ. ಕೈ ಬಿಡ್ರಿ ಅವ್ವಾರ!"

ತಾನು ಬಿಟ್ಟರೆ ಅವನ ಮುಷ್ಟಿ ಬಿಚ್ಚುತ್ತದೆಂದು ಚನ್ನವ್ವನಿಗೆ ಗೊತ್ತಿತ್ತು. ಬಿಟ್ಟಳು.

ಅಡಿವೆಪ್ಪನ ಮೈ ಒಮ್ಮೆ ಜಿಗಿಯಿತು. ಕರಡಿಗೆ ಉರುಳಿ ದ್ರಾಕ್ಷಿ ಒಣಹಾಕಿದ್ದ ಬಲೆಯ ಕೆಳಗೆ ಹೋಯಿತು. ಸೋನಾಲಿ ಎದೆ ಒತ್ತತೊಡಗಿದಳು. ಕರಡಿಗೆ ತರಲು ಚನ್ನವ್ವ ಏಳಲಿಲ್ಲ. ಆ ಖಾಲಿ ಅಂಗೈಯನ್ನೇ ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ಅದರ ಬೆರಳುಗಳು ಮೆಲ್ಲಗೆ ನೆಲವನ್ನು ತಡಕಾಡತೊಡಗಿದವು.