ಪರದೆಯ ಮೇಲಿನ ಅಂಗೈ

ರಂಗದ ಪರದೆಯ ಮೇಲೆ ಬರೆಯುವ ಚಿತ್ರಕ್ಕೆ ಕೊಟ್ಟ ಅಭಿನಯ ಮತ್ತೆ ಮೈಗೆ ಮರಳುವುದಿಲ್ಲ. ನಾಟಕ ಕಂಪನಿಯವರಿಗೆಲ್ಲ ಅದು ಗೊತ್ತು. ಮೀಸೆ ತಿರುವುವ ಚಿತ್ರ ಕೊಟ್ಟ ಖಳನಾಯಕ ಬಾಳಪ್ಪನ ಮೀಸೆಗೆ ಅನ್ನ ಅಂಟಿದರೆ ಹೆಂಡತಿಯೇ ಒರೆಸಬೇಕು. ನಾಯಕಿ ನೀಲವ್ವ ಹೋದ ವರ್ಷ ಪರದೆಗೆ ಕೊಟ್ಟದ್ದು ರಾಜನ ಉಂಗುರ ಬೇಡವೆನ್ನುವ ರಾಣಿಯ ಭಂಗಿ: ಮುಖ ಹೊರಳಿಸಿ, ಅಂಗೈ ಮುಂದೆ ಚಾಚಿದ್ದು.

ಈಗ ಮಾಲಕ ಚನಬಸಪ್ಪ, ಪೇಂಟರ್ ಮೌನೇಶನನ್ನು ಕರೆದುಕೊಂಡು ಬಣ್ಣದ ಕೋಣೆಗೆ ಬಂದ.

"ಹೊಸಾ ನಾಟಕ ಹಚ್ಚೀವಿ ನೀಲವ್ವ. ತಾಯಿ ಕೂಸನ್ನ ಎತ್ತಿಕೊಳ್ಳೋ ಚಿತ್ರ ಬೇಕು."

ನೀಲವ್ವ ಪಕ್ಕದ ತೊಟ್ಟಿಲನ್ನು ನೋಡಿದಳು. ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

"ಅದೊಂದು ಬ್ಯಾಡ್ರೀ ಮಾಲಕ್ರ. ಅದನ್ನ ಕೊಟ್ರ ನನ್ನ ಕೂಸನ್ನ ಹೆಂಗ ಎತ್ತಿಕೊಳ್ಳಲಿ?"

"ನಾಟಕದವರ ಬಾಯಿಮಾತು ಯಾರು ನಂಬ್ತಾರವಾ? ದಿನಾ ಸಾಯ್ತೀನಿ ಅಂತೀ, ಮರುದಿನ ಮತ್ತ ಪಾರ್ಟು ಮಾಡ್ತೀ. ಕೈ ಮಾಡಿ ಬ್ಯಾಡ ಅನ್ನು, ಬಿಡ್ತೀನಿ."

ನೀಲವ್ವನ ಕೈ ಮಡಿಲಿನಿಂದ ಏಳಲಿಲ್ಲ, ಕುತ್ತಿಗೆ ಹೊರಳಲಿಲ್ಲ. ಎದುರಿಗೆ ತೂಗುಬಿಟ್ಟ ಪರದೆಯಲ್ಲಿ ಅವಳದೇ ಅಂಗೈ ರಾಜನನ್ನು ತಡೆದು ನಿಂತಿತ್ತು.

"ಆತಲ್ಲ ಮತ್ತ," ಎಂದು ಚನಬಸಪ್ಪ ಹೊರಗೆ ಹೋದ.

ಮೌನೇಶ ಕುಂಚವನ್ನು ಬಣ್ಣದಲ್ಲಿ ಅದ್ದಿ, ಅವಳು ಕೂಸನ್ನು ಎತ್ತುವುದನ್ನೇ ಕಾಯುತ್ತ ಕೂತ. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು.

"ಎತ್ಕೋರಿ ಅಕ್ಕಾರ, ಹಸದೈತಿ," ಎಂದ ಮೆಲ್ಲಗೆ.

ಅಳು ಏರಿದಂತೆ ನೀಲವ್ವನ ಕುಪ್ಪಸ ಹಾಲಿಗೆ ತೊಯ್ದಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೇ ಇದ್ದಳು.