ಒತ್ತಿದ ಕೈ

ಹಾಲಿನ ಸಂಘಕ್ಕೆ ಬಂದ ಮೇಲ್ ತಾನಾಗಿ ಸದಸ್ಯರ ಫೋನಿಗೂ ಹೋಗುವಂತೆ ಕಾರ್ಯದರ್ಶಿ ಅಡಿವೆಪ್ಪ ಏರ್ಪಾಡು ಮಾಡಿದ್ದ. ಹಾಗೆ ಹೋದ ಮೇಲ್‌ಗಳ ಮೇಲೆ ಸ್ಪ್ಯಾಮ್, ಅಂದರೆ ಬೇಡದ ಕಸ, ಎಂಬ ಗುಂಡಿ ಒತ್ತಿದ ದೂರು ಹೆಚ್ಚಾಗಿ, ಮೇಲ್ ಕಂಪನಿಯವರು ಸಂಘದಿಂದ ಹೋಗುವುದನ್ನೆಲ್ಲ ತಡೆದುಬಿಟ್ಟರು. ಕಾಲುಬಾಯಿ ಬೇನೆಯ ಲಸಿಕೆ ಹಾಕುವ ದಿನ ಯಾರಿಗೂ ಗೊತ್ತಾಗಲಿಲ್ಲ. ಮೇಲ್ ಎಲ್ಲರಿಗೂ ಮುಟ್ಟಿದೆಯೆಂದು ತಿಳಿದು ಅಡಿವೆಪ್ಪನೂ ಬೇರೆ ಹೇಳಲಿಲ್ಲ. ಈಗ ಸಂಘದ ಸದಸ್ಯೆ ದ್ಯಾಮವ್ವನ ಆಕಳು ಜೊಲ್ಲು ಸುರಿಸುತ್ತ ಮಲಗಿತ್ತು. ಊರಿನಲ್ಲಿ ಅದು ಏಳನೆಯದು.

"ಸ್ಪ್ಯಾಮ್ ಅನ್ನೋ ಗುಂಡಿ ಒತ್ತಿದವ್ರ ಕೈ ಸೇದಿಹೋಗ್ಲಿ ಯವ್ವಾ," ಎಂದು ಅಡಿವೆಪ್ಪ ಅದರ ಮಗ್ಗುಲಲ್ಲಿ ಕುಸಿದ. "ಯಾರಂತ ಹೇಳು, ನಿನ್ನ ಕಾಲಿಗೆ ಬೀಳ್ತೀನಿ."

"ಶಾಪ ಹಾಕಬ್ಯಾಡೋ ತಮ್ಮಾ. ನಾವೆಲ್ಲಾರೂ ದಿನಾ ಒತ್ತತಿದ್ವಿ."

"ಯಾಕ?"

ದ್ಯಾಮವ್ವ ಆಕಳ ಬಾಯಿ ಒರೆಸಿದಳು. "ಓದಿದ ಮ್ಯಾಲ ಈ ಗುಂಡಿ ಒತ್ತಿದ್ರ ಮೇಲ್ ಅಳಿಸಿಹೋಗಿ ಫೋನು ಹಗುರ ಆಕ್ಕೈತಿ ಅಂತ ಮೀಟಿಂಗಿನ್ಯಾಗ ನೀನ ಕಲಿಸಿದ್ಯಲ್ಲೋ."